ಎಳನೀರು ಕುಡಿದರೆ ಏಳುತ್ತಿದ್ದ ಕಾಲು

ಅರಳಗುಪ್ಪೆಯಿಂದ ದಿನಾ ತಿಪಟೂರಿಗೆ ಬಂದು ಬಟ್ಟೆ ಹೊಲಿಯುವವಳು ನಾನು. ಮೂವತ್ತು ದಾಟುತ್ತಲೇ ಬಿಪಿ ಬಂದಿತ್ತು. ಎಷ್ಟು ಬಗೆಯ ಮಾತ್ರೆ ನುಂಗಿದರೂ ಇಳಿದಿರಲಿಲ್ಲ. ಕಳೆದ ವರ್ಷ ಕಾಲಿನ ಶಕ್ತಿಯೂ ಹೋಯಿತು. ಮದುವೆ ಬ್ಲೌಸುಗಳು ರಾಶಿ ಬಿದ್ದಿರುವಾಗಲೇ ಮಷೀನು ತುಳಿಯಲಾಗದೆ ಕೂತುಬಿಡುತ್ತಿದ್ದೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಆಗಲಿಲ್ಲ.

ನಮ್ಮತ್ತೆ ಹೆದರಿ, ತೋಟದಿಂದ ಎಳನೀರು ಕೀಳಿಸಿ ಒಂದರ ಮೇಲೊಂದು ಕುಡಿಸಿದರು. ಮಧ್ಯಾಹ್ನದ ಹೊತ್ತಿಗೆ ಎದ್ದು ಓಡಾಡುವಂತಾದೆ. ಆಮೇಲೂ ಎರಡು ಮೂರು ಸಲ ಹೀಗೇ ಆಯಿತು. ದೃಷ್ಟಿ ಅಂದವರಿದ್ದರು, ಸೋಮಾರಿತನ ಅಂದವರೂ ಇದ್ದರು.

ತಿಪಟೂರಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನಿಗೆ ನಾನು ಬಿಪಿ ವಿಷಯವಷ್ಟೇ ಹೇಳಿದ್ದೆ. ಎಳನೀರಿನ ಮಾತು ಎತ್ತಿದವರು ಅತ್ತೆ: "ಎಳ್ನೀರು ಕುಡುದ್ರೆ ಎದ್ದು ಕೂತ್ಕತಾಳೆ ಕಣವ್ವ, ಇಲ್ದಿದ್ರೆ ಕಾಲೇ ಎತ್ತಾಕಾಗಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ನನ್ನ ರಕ್ತದಲ್ಲಿ ಅದೇ ಕಡಿಮೆಯಾಗಿ ಕಾಲು ಸೋಲುತ್ತಿರಬೇಕು ಎಂದು ಆಗಲೇ ರಕ್ತ ತೆಗೆಸಿದರು. ಊಹೆ ನಿಜವಾಗಿತ್ತು. ಔಷಧಿ ಕೊಟ್ಟು, ಹಾರ್ಮೋನುಗಳ ಪರೀಕ್ಷೆಗೂ ಸ್ಕ್ಯಾನಿಂಗಿಗೂ ಕಳಿಸಿದರು. ಅವರ ಹುರುಪು ನನಗೂ ಅಂಟಿತು.

ವರದಿ ಬಂದ ದಿನ ಅವರು ಕಾಗದದ ಮೇಲೆ ಕಿಡ್ನಿಯ ಚಿತ್ರ ಬರೆದು, ಅದರ ನೆತ್ತಿಗೆ ಟೋಪಿಯಂಥ ಅಡ್ರಿನಲ್ ಗ್ರಂಥಿ ಕೂರಿಸಿದರು. ರಕ್ತದ ಒತ್ತಡ ತಗ್ಗಿದಾಗ ಕಿಡ್ನಿ ರೆನಿನ್ ಎಂಬುದನ್ನು ರಕ್ತಕ್ಕೆ ಬಿಡುತ್ತದಂತೆ. ಅದರ ಸುಳಿವು ಹಿಡಿದು ಗ್ರಂಥಿ ತನ್ನ ಹಾರ್ಮೋನು ಸುರಿಸುತ್ತದೆ. ಆ ಹಾರ್ಮೋನು ಉಪ್ಪು ಉಳಿಸಿಕೋ, ಪೊಟ್ಯಾಸಿಯಂ ಹೊರಗೆ ಹಾಕು ಎಂದು ತಿರುಗಿ ಕಿಡ್ನಿಗೇ ಹೇಳುತ್ತದೆ. ಉಪ್ಪು ಉಳಿದಂತೆ ಒತ್ತಡ ಏರುತ್ತದೆ.

"ನಿಮ್ಮ ಕಿಡ್ನಿ ಒತ್ತಡ ಸಾಕು ಅಂತ ರೆನಿನ್ ಬಿಡೋದನ್ನೇ ನಿಲ್ಲಿಸಿದೆ. ಎಡಗಡೆ ಗ್ರಂಥಿಯಲ್ಲೊಂದು ಸಣ್ಣ ಗಂಟಿದೆ, ಅದು ಯಾರ ಮಾತೂ ಕೇಳದೆ ಸುರಿಸ್ತಾನೇ ಇದೆ," ಅಂದರು. "ಕ್ಯಾನ್ಸರ್ ಅಲ್ಲ. ತೆಗೆದ್ರೆ ಬಿಪಿನೂ ವಾಸಿಯಾಗಬಹುದು."

ಬಿಪಿ ವಿಷಯದಲ್ಲಿ ವಾಸಿ ಎಂಬ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಊರಿನ ಬಸ್ಸಿನಲ್ಲಿ ಅತ್ತೆಗೆ ಆ ಚಿತ್ರ ತೋರಿಸಿ ತೋರಿಸಿ ವಿವರಿಸಿದೆ. ನನ್ನ ದನಿ ಏರಿತ್ತೇನೋ, ಮುಂದಿನ ಸೀಟಿನವರೂ ತಿರುಗಿ ಕೇಳಿದರು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮಾತ್ರೆಗಳು ಒಂದೊಂದಾಗಿ ನಿಂತು, ಈಗ ದಿನಕ್ಕೆ ಅರ್ಧ ಮಾತ್ರೆ ಉಳಿದಿದೆ. ಮೊನ್ನೆ ತಂಗಿಗೂ ಬಿಪಿ ಎಂದು ಗೊತ್ತಾದಾಗ ನಾನೇ ಫೋನು ಮಾಡಿ, ಪೊಟ್ಯಾಸಿಯಂ ನೋಡಿಸು ಅಂದೆ. ಅವಳು ಅದೇನಕ್ಕ ಎಂದು ಕೇಳಿದ್ದೇ ತಡ, ಹೊಲಿಯುವುದನ್ನು ಬಿಟ್ಟು ಕಿಡ್ನಿಯಿಂದ ಶುರು ಮಾಡಿದೆ.