ಕೆಂಚಿಯ ಬೀಗರು

ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾನು ತಾಳವಾಡಿಯ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದೆ. ಬರುತ್ತಿದ್ದದ್ದೆಲ್ಲ ಹಸು, ಎಮ್ಮೆ, ಮೇಕೆ. ನಾಯಿ ತರುವವರು ಅಪರೂಪ. ಹಾಗಾಗಿ ಪಣಕಹಳ್ಳಿಯ ರೈತ ಮಾದಪ್ಪ ತನ್ನ ಕೆಂಚಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಸ್ಕೂಟರಿನಲ್ಲಿ ಬಂದದ್ದು ಚೆನ್ನಾಗಿ ನೆನಪಿದೆ.

ಕೆಂಚಿ ಮೊಲದ ನಾಯಿ. ಮೊಣಕಾಲೆತ್ತರ, ಕಿರಿದಾದ ಮೂತಿ, ಒಳಗೆಳೆದುಕೊಂಡ ಹೊಟ್ಟೆ. ಈ ತಳಿ ಸುಮ್ಮಸುಮ್ಮನೆ ಬೊಗಳುವುದಿಲ್ಲ. ಹಿಡಿದ ಮೊಲವನ್ನು ತಂದು ಯಜಮಾನನ ಕಾಲ ಬಳಿ ಇಡುತ್ತದೆ, ಕೊಟ್ಟರೆ ಮಾತ್ರ ತಿನ್ನುತ್ತದೆ. ಕಾಡಂಚಿನಲ್ಲಿ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಅದರ ಹಿಂದೆಯೇ ಈ ತಳಿಯೂ ಇಲ್ಲವಾಗುತ್ತದೆಂದು ಯಾರೂ ಎಣಿಸಿರಲಿಲ್ಲ.

ಅಲ್ಲೊಂದು ರೂಢಿಯಿತ್ತು. ಹೆಣ್ಣುನಾಯಿ ಒಂದೂರಲ್ಲಿ, ಗಂಡು ಇನ್ನೊಂದೂರಲ್ಲಿ. ಮರಿಗಾಗಿ ಅವನ್ನು ಕೂಡಿಸುವ ಎರಡೂ ಮನೆಯವರು ಒಬ್ಬರನ್ನೊಬ್ಬರು ಬೀಗರೆಂದೇ ಕರೆಯುತ್ತಿದ್ದರು. ಕೆಂಚಿಯ ಬೀಗರು ಗೆಟ್ಟವಾಡಿಯವರು. ಅವರ ಗಂಡುನಾಯಿ ಕರಿಯ ಸತ್ತ ಮೇಲೆ ಆ ತಳಿಯ ಗಂಡು ಎಲ್ಲೂ ಸಿಗಲಿಲ್ಲ. ಅರ್ಧ ರಕ್ತವಾದರೂ ಉಳಿಯಲೆಂದು ಮಾದಪ್ಪ ಅವಳನ್ನು ಹೊಲ ಕಾಯುವ ದೊಡ್ಡ ನಾಯಿಯೊಂದರ ಜೊತೆ ಬಿಟ್ಟಿದ್ದ.

ಮರಿ ಹಾಕಲಾಗದೆ ಒದ್ದಾಡುತ್ತಿದ್ದ ಅವಳ ಹೊಟ್ಟೆಯಲ್ಲಿದ್ದದ್ದು ಒಂದೇ ಮರಿ, ಮೈಗೆ ಮೀರಿದ್ದು. ಸಿಕ್ಕಿಕೊಂಡು ಸತ್ತಿತ್ತು. ಸಿಸೇರಿಯನ್‌ಗೆಂದು ಹೊಟ್ಟೆ ತೆರೆದರೆ ಗರ್ಭಕೋಶವೇ ಹರಿದಿತ್ತು. ತೆಗೆದುಹಾಕಿದರೆ ನಾಯಿ ಬದುಕುತ್ತದೆ, ಆದರೆ ಇನ್ನೆಂದೂ ಮರಿ ಹಾಕುವುದಿಲ್ಲ. ಹೊಲಿದು ಬಿಟ್ಟರೆ ಬದುಕುವ ಭರವಸೆ ನನಗಿರಲಿಲ್ಲ. ಬಾಗಿಲಿಗೆ ಬಂದು ಮಾದಪ್ಪನಿಗೆ ಹಾಗೆಯೇ ಹೇಳಿದೆ. ಅವನು ಒಳಗೆ ಮೇಜಿನ ಮೇಲಿದ್ದ ಕೆಂಚಿಯತ್ತ ಇಣುಕಿ ನೋಡಿದ.

"ತಗುದ್‌ಬುಡಿ ಸಾ. ಮರಿ ಆಸೆಗೆ ಅವಳ್ನೂ ಕಳ್ಕಳಕಾಯ್ತದಾ?"

ಕೆಂಚಿ ಬದುಕಿದಳು. ಹೊಲಿಗೆ ಬಿಚ್ಚಿದ ದಿನ ಮಾದಪ್ಪ ಊರಿನ ದಾರಿ ಹಿಡಿಯದೆ, ಬೀಗರಿಗೆ ತೋರಿಸಬೇಕೆಂದು ಗೆಟ್ಟವಾಡಿಗೆ ಹೊರಟ. ನನಗೂ ಅಲ್ಲೊಂದು ಹಸು ನೋಡುವುದಿತ್ತು, ಜೊತೆಗೆ ಹೋದೆ. ಬೀಗರ ಮನೆಯಾಕೆ ರಾಗಿಮುದ್ದೆ ಮುರಿದು ತಟ್ಟೆಗೆ ಹಾಕಿದರು. ಕೆಂಚಿ ಅತ್ತ ತಿರುಗಲಿಲ್ಲ. ನೇರವಾಗಿ ಕೊಟ್ಟಿಗೆಯ ಮೂಲೆಗೆ ಹೋಗಿ, ಕರಿಯ ಮಲಗುತ್ತಿದ್ದ ಜಾಗವನ್ನು ಮೂಸಿ, ಅಲ್ಲೇ ಮುದುಡಿ ಮಲಗಿದಳು.

"ಇನ್ನು ನಾವು ಬೀಗ್ರು ಅನ್ನಂಗಿಲ್ಲ ಕಣಕ್ಕ," ಎಂದ ಮಾದಪ್ಪ.

"ಇವ್ಳು ಇರಗಂಟ ಅನ್ನವ ಬುಡಣ್ಣ," ಎಂದರು ಆಕೆ.

ಪ್ರಾಣ ಉಳಿಸುವ ವಿದ್ಯೆ ನನಗೆ ಗೊತ್ತಿತ್ತು. ತಳಿ ಉಳಿಯಲು ಎರಡು ಮನೆ ಬೇಕೆಂದು ಕಲಿಸಿದ್ದು ಆ ಕೊಟ್ಟಿಗೆ. ಕೆಂಚಿಯೂ ಈಗಿಲ್ಲ. ಚಾಮರಾಜನಗರದ ಬಸ್ಸಿನಲ್ಲಿ ಆ ಕಡೆ ಹೋದಾಗಲೆಲ್ಲ ಕಿಟಕಿ ಪಕ್ಕ ಕೂತು, ಜೋಳದ ಹೊಲದ ಬದುಗಳ ಮೇಲೆ ಅಂಥದೊಂದು ಕಿರಿದಾದ ಮೂತಿಯನ್ನು ಹುಡುಕುತ್ತೇನೆ. ಕಂಡರೆ ಇಳಿದು ಮೊದಲು ಕೇಳುವುದು ಒಂದೇ: ನಿಮ್ಮ ಬೀಗರು ಯಾವ ಊರಿನವರು?