ಅಕ್ಕನಿಗಿಂತ ದೊಡ್ಡವಳಾದ ತಂಗಿ

“ಅಕ್ಕಂಗೆ ಇಲ್ಲದ ಕಾರ್ಡು ನಂಗ್ಯಾಕಪ್ಪ, ಬ್ಯಾಡ ಬುಡು” ಎನ್ನುತ್ತಾ ಆ ಅಜ್ಜಿ ಬೆರಳಚ್ಚಿನ ಯಂತ್ರದಿಂದ ಕೈ ಎಳೆದುಕೊಂಡರು.

ಶೆಟ್ಟಿಕೆರೆಯಲ್ಲಿ ಎಪ್ಪತ್ತು ತುಂಬಿದವರಿಗೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್ ಮಾಡಿಕೊಡುತ್ತಿದ್ದರು. ಅಮ್ಮನನ್ನು ಕರೆದುಕೊಂಡು ನಾನೂ ಸಾಲಿನಲ್ಲಿದ್ದೆ. ನಮ್ಮ ಮುಂದಿದ್ದವರು ಅಕ್ಕ, ತಂಗಿ. ಆಧಾರ್‌ನಲ್ಲಿ ಯಾರೋ ಅಂದಾಜಿಗೆ ಬರೆಸಿದ ವಯಸ್ಸಿನ ಪ್ರಕಾರ ತಂಗಿಗೆ ಎಪ್ಪತ್ತು ದಾಟಿತ್ತು, ಅಕ್ಕನಿಗೆ ಇನ್ನೂ ಅರವತ್ತಾರು! ಅದನ್ನು ತಿದ್ದಿಸಿಕೊಂಡು ಬರುವವರೆಗೆ ಅಕ್ಕನಿಗೆ ಕಾರ್ಡ್ ಇಲ್ಲ.

ಅಕ್ಕ ತೆಂಗಿನ ಗರಿ ಸೀಳಿ ಒರಟಾದ ಕೈಯಿಂದ ತಂಗಿಯ ಬೆರಳು ಹಿಡಿದು ಯಂತ್ರದ ಮೇಲಿಟ್ಟರು.

“ಸುಮ್ಕೆ ಒತ್ತೇ, ನಿನ್ನ ಎತ್ತಾಡ್ಸಿದೋಳು ನಾನು. ನೀನು ಗಟ್ಟಿಯಾಗಿದ್ರೆ ತಾನೆ ನನ್ನ ನೋಡ್ಕಳದು?”

ಅಂದಾಜಿಗೆ ವಯಸ್ಸು ಬರೆಸಿದ ಪುಣ್ಯಾತ್ಮನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಕಾರ್ಡ್ ಕೈಗೆ ಬಂದೊಡನೆ ತಂಗಿ ಅದನ್ನು ಅಕ್ಕನ ಎಲೆಯಡಿಕೆ ಚೀಲದೊಳಗೆ ಇಟ್ಟಿದ್ದು ನೆನಪಾದರೆ, ಆ ಸಿಟ್ಟು ಕರಗುತ್ತದೆ.