ಬುಕ್ಕಾಪಟ್ಟಣದ ದಿನ್ನೆಯ ಮೇಲೆ ಕಂಡ ಕಡಲು

ಹಗಲು ಹೊತ್ತಿನಲ್ಲಿ, ಕಣ್ಣು ಬಿಟ್ಟುಕೊಂಡು ನಿಂತಿರುವಾಗಲೇ, ಸುತ್ತಲಿನ ಸದ್ದೆಲ್ಲ ಒಮ್ಮೆಗೇ ನಿಂತುಹೋದದ್ದು ನಿಮಗೆ ಎಂದಾದರೂ ಆಗಿದೆಯೇ? ಕಿವಿ ಮುಚ್ಚಿಕೊಂಡದ್ದಲ್ಲ, ಸದ್ದು ಮಾಡುವವರೇ ಇಲ್ಲವಾದದ್ದು. ಆಗಿದ್ದರೆ ಮುಂದೆ ಓದಿ. ಆಗಿಲ್ಲದಿದ್ದರೂ ಓದಿ, ನಗಬೇಕೆನಿಸಿದರೆ ನಗಿ. ನಾನೂ ಇಂಥ ಮಾತಿಗೆ ನಗುತ್ತಿದ್ದವನೇ. ನಮ್ಮ ಬಡವನಹಳ್ಳಿಯಲ್ಲಿ ಯಾರಿಗಾದರೂ ಗಾಳಿ ಸೋಕಿತು ಎಂದರೆ, ಹೊಟ್ಟೆ ಕೆಟ್ಟಿರಬೇಕು, ಓಮದ ಕಷಾಯ ಕುಡಿಸಿ ಎನ್ನುತ್ತಿದ್ದೆ.

ಆಗ ನನಗೆ ಇಪ್ಪತ್ತೆರಡು, ಈಗ ನಲವತ್ತಾರು. ಅಪ್ಪ ಅಮ್ಮ ಇಬ್ಬರನ್ನೂ ಪ್ಲೇಗು ಒಯ್ದಿತ್ತು. ಚಿಕ್ಕಪ್ಪನ ಮನೆಯಲ್ಲಿ ಬೆಳೆದೆ. ಅಲ್ಲಿ ಎರಡನೇ ಮುದ್ದೆಗೆ ಕೈ ಚಾಚುವ ಮೊದಲು ಚಿಕ್ಕಮ್ಮನ ಮುಖ ನೋಡಬೇಕಿತ್ತು. ಅಂಥ ಹೊತ್ತಿನಲ್ಲಿ, ಸಂಸ್ಥಾನದ ತುಂಬ ತಿರುಗಿ ಕಲ್ಲು ಪರೀಕ್ಷೆ ಮಾಡುವ ಒಬ್ಬ ಸಾಹೇಬರ ಕೈಕೆಳಗೆ ಹಂಗಾಮಿ ಕೆಲಸ ಸಿಕ್ಕಿತು. ಕಲ್ಲು ಹೆಕ್ಕುವುದು, ಚೀಟಿ ಅಂಟಿಸುವುದು, ಎಲ್ಲಿ ಏನು ಕಂಡಿತೆಂದು ಟಿಪ್ಪಣಿ ಬರೆಯುವುದು. ಸಾಹೇಬರು ಒಂದು ಕಾಗದ ಬರೆದುಕೊಟ್ಟರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಅದೇ ಮನೆ.

ಆ ಬೇಸಿಗೆ ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡಿನ ಅಂಚಿನಲ್ಲಿ ಡೇರೆ ಹಾಕಿದ್ದೆವು. ನಾಲ್ಕೇ ದಿನಕ್ಕೆ ಸಾಹೇಬರಿಗೆ ಜ್ವರ ಬಂದು, ಗಾಡಿ ಕಟ್ಟಿಸಿಕೊಂಡು ಸಿರಾಕ್ಕೆ ಹೋದರು. ಹೋಗುವಾಗ, ತಮ್ಮ ಪುಸ್ತಕಗಳಿದ್ದ ತಗಡಿನ ಪೆಟ್ಟಿಗೆಯ ಬೀಗದ ಕೈಯನ್ನು ನನಗೆ ಕೊಟ್ಟು, "ಪೆಟ್ಟಿಗೆ ನೋಡ್ಕೊ, ಆದರೆ ತೆಗೆಯಬೇಡ. ದಿನ್ನೆ ಮೇಲಿನ ಪದರು ಕಲ್ಲು ತಂದಿಡು, ಕಂಡದ್ದನ್ನೆಲ್ಲ ಬರೆ. ನಿನ್ನ ಕಾಗದ ಅದರ ಮೇಲೆ ನಿಂತಿದೆ" ಅಂದರು. ಪುಸ್ತಕಗಳೆಲ್ಲ ಇಂಗ್ಲಿಷು. ನನಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ಮುಟ್ಟುವ ಆಸೆಯೂ ಇರಲಿಲ್ಲ.

ಡೇರೆಯ ಪಕ್ಕದಲ್ಲೇ ಕದರಕ್ಕನ ಸುಣ್ಣದ ಗೂಡು. ಗಂಡ ಸತ್ತ ಮೇಲೆ ಅವಳೇ ಕಲ್ಲು ಒಡೆದು ಸುಡುತ್ತಿದ್ದಳು. ಒಡೆದ ಪ್ರತಿ ಕಲ್ಲಿಗೂ ನಾಲಿಗೆ ತಾಗಿಸಿ ನೋಡುವಳು. ಸಪ್ಪೆಯಾದರೆ ಗೂಡಿಗೆ, ಉಪ್ಪಾದರೆ ಆಚೆಗೆ.

"ಉಪ್ಪಿನ ಕಲ್ಲು ಸುಟ್ಟು ಬಳುದ್ರೆ ಗ್ವಾಡೆ ಯಾವತ್ತೂ ಒಣಗಾಕಿಲ್ಲ, ಅಯ್ನೋರೆ" ಅಂದಳು. ನಮ್ಮದು ಮಠದ ಅಯ್ಯನವರ ಮನೆತನ ಎಂದು ತಿಳಿದಾಗಿನಿಂದ ಹಾಗೇ ಕರೆಯುತ್ತಿದ್ದಳು.

ಸಾಹೇಬರೂ ಹೀಗೇ ಕಲ್ಲು ನೆಕ್ಕುತ್ತಾರೆ ಎಂದೆ.

"ಅಂಗಾದ್ರೆ ನನ್ಗೂ ಸರ್ಕಾರದ ಸಂಬ್ಳ ಕೊಡ್ಸಿ. ಮೂವತ್ತು ವರ್ಸದಿಂದ ನೆಕ್ತಾ ಇವ್ನಿ."

ನಾಳೆ ದಿನ್ನೆಗೆ ಹೋಗುತ್ತೇನೆ ಎಂದಾಗ ಮಾತ್ರ ಅವಳ ನಗು ನಿಂತಿತು. "ಒಬ್ರೇ ಹೋಗ್ಬ್ಯಾಡಿ. ಅಲ್ಲಿ ಒಂಟಿ ಅನ್ನುಸ್ತದೆ."

"ಒಬ್ಬನೇ ಹೋದರೆ ಒಂಟಿ ಅನ್ನಿಸದೆ ಸಂತೆ ಅನ್ನಿಸುತ್ತಾ?"

"ಅಂಗಲ್ಲ ಕಣಪ್ಪ. ನಾನೊಬ್ಳೇ ಇವ್ನಿ ಅನ್ನದು ಬ್ಯಾರೆ. ಯಾರೂ ಇನ್ನೂ ಹುಟ್ಟೇ ಇಲ್ಲ ಅನ್ನದು ಬ್ಯಾರೆ. ನಮ್ಮೋರು ಆ ಕಲ್ಲಿಗೆ ನಾಲ್ಗೆ ಇಕ್ಕಾಕಿಲ್ಲ."

ನಾನು ನಕ್ಕೆ. ಮರುದಿನ ಹೋದೆ, ಒಬ್ಬನೇ.

ಕಲ್ಲು ವಿಚಿತ್ರವಾಗಿತ್ತು. ಕುಕ್ಕೆಗಳನ್ನು ಒತ್ತೊತ್ತಾಗಿ ಬೋರಲು ಹಾಕಿದಂತೆ ಉಬ್ಬು ಉಬ್ಬು. ಒಡೆದರೆ ಒಳಗೆ ಈರುಳ್ಳಿಯ ಹಾಗೆ ಪದರು. ಗೌಜಲಕ್ಕಿಗಳು ಕೂಗುತ್ತಿದ್ದವು, ಬೆವರಿನ ಮುಖಕ್ಕೆ ನೊಣ ಮುತ್ತುತ್ತಿದ್ದವು. ಮಧ್ಯಾಹ್ನದ ಬಿಸಿಲು. ಕದರಕ್ಕನ ಮಾತು ನೆನಪಾಗಿ, ಬೇಕೆಂದೇ, ಒಡೆದ ಚೂರಿಗೆ ನಾಲಿಗೆ ತಾಗಿಸಿದೆ. ಉಪ್ಪು. ಬರೀ ಉಪ್ಪಲ್ಲ, ಒದ್ದೆ ಉಪ್ಪು.

ಮೊದಲು ನೊಣ ನಿಂತವು, ಆಮೇಲೆ ಹಕ್ಕಿ. ತಲೆ ಎತ್ತಿದರೆ ಕಾಡಿಲ್ಲ. ಜಾಲಿಯಿಲ್ಲ, ಹುಲ್ಲಿಲ್ಲ, ಒಂದು ಇರುವೆಯಿಲ್ಲ. ಮುಂದೆ ಕಣ್ಣು ಹರಿಯುವಷ್ಟು ದೂರ ನೀರು. ನಾನು ಆವರೆಗೆ ಕಡಲು ಕಂಡವನಲ್ಲ, ಕೆರೆಯೇ ನನಗೆ ದೊಡ್ಡದು. ಆಕಾಶ ನೀಲಿಯಲ್ಲ, ಮಾಗಿದ ಕಿತ್ತಳೆಯ ಬಣ್ಣ. ಹಗಲಲ್ಲೇ ಚಂದ್ರ, ಮೊರದಷ್ಟು ಅಗಲ. ಹೆದರಿಕೆ ಆಯಿತೇ ಎಂದು ಕೇಳುತ್ತೀರಿ. ಇಲ್ಲ. ಹೆದರಲು ಅಲ್ಲಿ ದೆವ್ವವೂ ಇರಲಿಲ್ಲ. ಸತ್ತವರೆಂದರೂ ಒಮ್ಮೆ ಬದುಕಿದ್ದವರಲ್ಲವೇ? ಅಲ್ಲಿ ಸತ್ತವರೂ ಇರಲಿಲ್ಲ. ಕೂಗಿ ಕರೆಯೋಣವೆಂದರೆ ಕರೆಯಲು ಒಂದು ಹೆಸರೂ ನೆನಪಾಗಲಿಲ್ಲ. ತಬ್ಬಲಿತನ ಅಂದರೇನೆಂದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ ಹೇಳಲಾರೆ, ವರ್ಷಗಳಂತೆ ಇತ್ತು. ಆಮೇಲೆ ಕಾಲ ಬಳಿ ನೋಡಿದೆ. ಅದೇ ಉಬ್ಬುಗಳು, ಅರ್ಧ ನೀರಲ್ಲಿ ಮುಳುಗಿದ್ದವು. ಅವುಗಳ ಮೇಲೆ ಕಪ್ಪು ಹಸಿರು ಲೋಳೆ. ಕುಕ್ಕರುಗಾಲಲ್ಲಿ ಕೂತು ಅಂಗೈ ಇಟ್ಟೆ. ಮೆತ್ತಗೆ, ಬೆಚ್ಚಗೆ ಇತ್ತು. ಬೆರಳ ಸಂದಿಯಿಂದ ಸಾಸಿವೆಯಂಥ ಗುಳ್ಳೆಗಳು ಎದ್ದವು. ಅದು ಬದುಕಿತ್ತು. ಆ ಲೋಳೆಯ ಮೇಲೆ ಕೈ ಇಟ್ಟುಕೊಂಡು ನಾನು ಅತ್ತೆ. ಒಬ್ಬ ನೆಂಟ ಸಿಕ್ಕಿದ ಹಾಗಾಗಿತ್ತು.

ಭುಜ ಹಿಡಿದು ಅಲ್ಲಾಡಿಸಿದವಳು ಕದರಕ್ಕ. ಹೊತ್ತು ಮುಳುಗುತ್ತಿತ್ತು. "ಕೂಗಿ ಕೂಗಿ ಗಂಟ್ಲು ಹೋಯ್ತು ನಂದು. ಬರೀ ಬಂಡೆ ಮ್ಯಾಲೆ ಕೈ ಮಡಿಕ್ಕಂಡು ಕುಂತಿದ್ದೀರಲ್ಲ" ಅಂದಳು. ದಾರಿಯುದ್ದಕ್ಕೂ ಮತ್ತೇನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆದರೆ ಬರೆದೆ. ಕಂಡದ್ದನ್ನೆಲ್ಲ ಬರೆ ಅಂದಿದ್ದರಲ್ಲ, ಲಾಟೀನು ಹಚ್ಚಿ ನೀರು, ಲೋಳೆ, ಚಂದ್ರ, ಆಕಾಶ ಎಲ್ಲವನ್ನೂ ಕಲ್ಲಿನ ಚೀಟಿಯ ಮುಂದೆಯೇ ಬರೆದಿಟ್ಟೆ. ಅದು ನನ್ನ ದಡ್ಡತನ.

ಸಾಹೇಬರು ಜ್ವರ ಬಿಟ್ಟು ಬಂದವರು ಟಿಪ್ಪಣಿಯನ್ನು ಎರಡು ಸಲ ಓದಿದರು. "ಇದನ್ನ ಎಲ್ಲಿ ಓದಿದೆ?"

"ಓದಿಲ್ಲ ಸ್ವಾಮಿ. ಕಂಡೆ."

ಅವರು ಪೆಟ್ಟಿಗೆ ತೆಗೆದು ಒಂದು ಪುಸ್ತಕ ಬಿಡಿಸಿ ಚಿತ್ರ ತೋರಿಸಿದರು. ಅದೇ ಉಬ್ಬುಗಳು. "ಭೂಮಿ ಮೇಲೆ ಹುಲ್ಲು ಹುಳ ಏನೂ ಇಲ್ಲದ ಕಾಲ. ಸಮುದ್ರದ ಅಂಚಲ್ಲಿ ಲೋಳೆ ಒಂದೇ ಜೀವ. ಅದು ಪದರು ಪದರಾಗಿ ಕಟ್ಟಿದ್ದೇ ಇಂಥ ಕಲ್ಲು ಅಂತ ಕೆಲವರು ಈಗೀಗ ಹೇಳ್ತಿದಾರೆ. ಬಡವನಹಳ್ಳಿ ಹುಡುಗನಿಗೆ ಇದು ಕನಸಲ್ಲಿ ಬಂತೇನಯ್ಯಾ? ನೀನು ಪೆಟ್ಟಿಗೆ ತೆಗೆದಿದ್ದೀಯ."

ನಾನು ಬೀಗದ ಕೈಯನ್ನು ಅವರ ಮುಂದಿಟ್ಟೆ.

"ಓದೋ ಆಸೆ ತಪ್ಪಲ್ಲ. ಒಪ್ಕೊ, ಈಗಲೇ ಕಾಗದ ಬರೆದುಕೊಡ್ತೀನಿ. ಕಂಡೆ ಅಂತ ಸಾಧಿಸಿದ್ರೆ, ತಲೆ ಕೆಟ್ಟವನನ್ನ ಇಟ್ಟುಕೊಂಡು ನಾನೇನು ಮಾಡಲಿ?"

"ತೆಗೆದೆ ಸ್ವಾಮಿ" ಅಂದೆ.

ಅವರು ಖುಷಿಯಿಂದಲೇ ಕಾಗದ ಬರೆದರು. ಸಹಿ ಹಾಕುವ ಮೊದಲು ಲೇಖನಿ ನಿಲ್ಲಿಸಿ ಕೇಳಿದರು. "ಆಕಾಶ ಕಿತ್ತಳೆ ಬಣ್ಣ, ಚಂದ್ರ ಮೊರದಷ್ಟು ಅಂತ ಬರೆದಿದ್ದೀಯಲ್ಲ, ಅದು ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಅದೆಲ್ಲಿಂದ ಬಂತು?"

"ಅದು ನಾನೇ ಸೇರಿಸಿದ್ದು."

ಆ ಎರಡು ಸಾಲುಗಳನ್ನು ಅವರು ಹೊಡೆದುಹಾಕಿದರು.

ಕೆಲಸ ಕಾಯಂ ಆಯಿತು. ಇವತ್ತಿಗೂ ಅದರಲ್ಲೇ ಇದ್ದೇನೆ. ಮುಂದೆ ಎರಡು ಸಲ ಆ ದಿನ್ನೆಗೆ ಹೋಗಿ ಕಲ್ಲಿಗೆ ನಾಲಿಗೆ ತಾಗಿಸಿದೆ. ಸಪ್ಪೆ. ಕದರಕ್ಕನನ್ನು ಕೇಳೋಣವೆಂದರೆ ಅವಳು ಪಾವಗಡದ ಕಡೆ ಹೊರಟುಹೋಗಿದ್ದಳು. ಸಾಹೇಬರು ಈಗಿಲ್ಲ. ಹೆಂಡತಿಗೆ ಒಮ್ಮೆ ಹೇಳಿದೆ. ಬಿಸಿಲು ಹೊಡೆದಿರಬೇಕು ಅಂದಳು. ಇರಬಹುದು. ಆದರೆ ಬಿಸಿಲಿಗೆ ಆ ಪುಸ್ತಕ ಓದಿ ಹೇಳಿದವರಾರು?

ನನ್ನ ಬದುಕಿನಲ್ಲಿ ನಾನು ಬರೆದ ಅತ್ಯಂತ ನಿಜವಾದ ಮಾತು ಅದೊಂದೇ. ಅದನ್ನು ಸುಳ್ಳೆಂದು ಒಪ್ಪಿಕೊಂಡೇ ಅನ್ನ ಉಣ್ಣುತ್ತಿದ್ದೇನೆ. ನಿಮಗೂ ಇಂಥದೇನಾದರೂ ಕಂಡಿದ್ದು, ಯಾರೂ ನಂಬಲಿಲ್ಲವೆಂದು ನುಂಗಿಕೊಂಡಿದ್ದರೆ, ನಾಲ್ಕು ಸಾಲು ಬರೆಯಿರಿ. ಹೆಸರು ಹಾಕದಿದ್ದರೂ ನಡೆಯುತ್ತದೆ. ಎಲ್ಲಿ ಓದಿದಿರಿ ಎಂದು ನಾನು ಕೇಳುವುದಿಲ್ಲ.